ನಿಯಂತ್ರಕಕ್ಕೂ ಗಣಕಕ್ಕೂ ಮಾತು ಹೊಂದಬೇಕು

ನೀವು ಬೆಳಿಗ್ಗೆ ಕತ್ತರಿಸುವ ಹಾಲಿನ ಪ್ಯಾಕೆಟ್ಟನ್ನು ಯಾರೂ ಕೈಯಲ್ಲಿ ಅಳೆದು ತುಂಬಿರುವುದಿಲ್ಲ. ಕವಾಟ ಯಾವಾಗ ತೆರೆಯಬೇಕು, ಎಷ್ಟು ಹೊತ್ತು ತೆರೆದಿರಬೇಕು, ಪ್ಯಾಕೆಟ್ಟಿನ ಬಾಯಿ ಯಾವಾಗ ಬೆಸೆಯಬೇಕು ಎಂಬುದನ್ನೆಲ್ಲ ನಿರ್ಧರಿಸುವುದು ಕಬ್ಬಿಣದ ಪೆಟ್ಟಿಗೆಯೊಳಗೆ ಕುಳಿತ ಒಂದು ಸಣ್ಣ ಗಣಕ. ಇದಕ್ಕೆ ಪ್ರೋಗ್ರಾಮೆಬಲ್ ಲಾಜಿಕ್ ಕಂಟ್ರೋಲರ್ ಎಂದು ಹೆಸರು. ಕಾರ್ಖಾನೆಯವರು ಚಿಕ್ಕದಾಗಿ ಪಿಎಲ್‌ಸಿ ಎನ್ನುತ್ತಾರೆ. ನಾವೂ ಹಾಗೆಯೇ ಕರೆಯೋಣ.

ಇದರ ಹುಟ್ಟು ಅಮೆರಿಕದ ಮೋಟಾರು ಉದ್ಯಮದಲ್ಲಿ. ಆಗ ಯಂತ್ರಗಳನ್ನು ನಡೆಸುತ್ತಿದ್ದುದು ಗೋಡೆಯುದ್ದಕ್ಕೂ ಜೋಡಿಸಿದ ನೂರಾರು ರಿಲೇಗಳು. ಕಾರಿನ ಮಾದರಿ ಬದಲಾದರೆ ತಂತಿಗಳನ್ನೆಲ್ಲ ಬಿಚ್ಚಿ ಮತ್ತೆ ಕಟ್ಟಬೇಕಿತ್ತು. 1968ರಲ್ಲಿ ಜನರಲ್ ಮೋಟಾರ್ಸ್ ಸಂಸ್ಥೆಯ ಹೈಡ್ರಾಮ್ಯಾಟಿಕ್ ವಿಭಾಗ ಇದಕ್ಕೊಂದು ಬದಲಿ ವ್ಯವಸ್ಥೆ ಬೇಕೆಂದು ಕೇಳಿತು. ಡಿಕ್ ಮಾರ್ಲಿ ಮತ್ತು ಅವರ ಸಂಗಡಿಗರ ಬೆಡ್‌ಫರ್ಡ್ ಅಸೋಸಿಯೇಟ್ಸ್ ಸಂಸ್ಥೆ ತಯಾರಿಸಿದ ಯಂತ್ರಕ್ಕೆ ಮೋಡಿಕಾನ್ 084 ಎಂದು ಹೆಸರಾಯಿತು. ಅದು ಆ ಸಂಸ್ಥೆಯ 84ನೆಯ ಯೋಜನೆ, ಅಷ್ಟೇ ಆ ಅಂಕಿಯ ಗುಟ್ಟು.

ಇಂದಿನ ನಮ್ಮ ವಿಷಯ ಈ ಪೆಟ್ಟಿಗೆಯೊಳಗಿನ ಎರಡು ಬಗೆಯ ತಂತ್ರಾಂಶಗಳದು. ಒಂದು, ಎಂಜಿನಿಯರು ಬರೆದು ಇಳಿಸುವ ಪ್ರೋಗ್ರಾಂ: ‘ಗುಂಡಿ ಒತ್ತಿದರೆ ಮೋಟಾರು ತಿರುಗಲಿ, ತೊಟ್ಟಿ ತುಂಬಿದರೆ ನಿಲ್ಲಲಿ’ ಎಂಬಂಥದ್ದು. ಇನ್ನೊಂದು, ಆ ಪ್ರೋಗ್ರಾಮನ್ನು ಓದಿ ನಡೆಸಲು ತಯಾರಕರೇ ತುಂಬಿ ಕೊಟ್ಟಿರುವ ಒಳ ತಂತ್ರಾಂಶ. ಇದೇ ಫರ್ಮ್‌ವೇರ್. ಮೂರನೆಯದೊಂದು ಹೊರಗಿದೆ. ಅದು ಎಂಜಿನಿಯರಿನ ಲ್ಯಾಪ್‌ಟಾಪಿನಲ್ಲಿರುವ, ಪ್ರೋಗ್ರಾಂ ಬರೆಯಲು ಬಳಸುವ ತಂತ್ರಾಂಶ. ಒಳಗಿನ ಫರ್ಮ್‌ವೇರಿಗೂ ಹೊರಗಿನ ಈ ತಂತ್ರಾಂಶಕ್ಕೂ ಆವೃತ್ತಿ ಹೊಂದದಿದ್ದರೆ ಕೆಲಸ ಸಾಗದು.

ಏಕೆ ಹೀಗೆ? ನಿಮ್ಮ ತರಗತಿಯನ್ನೇ ನೋಡಿ. ಮೇಷ್ಟ್ರ ಕೈಯಲ್ಲಿ ಪಠ್ಯಪುಸ್ತಕದ ಹೊಸ ಮುದ್ರಣವಿದೆ, ನಿಮ್ಮ ಕೈಯಲ್ಲಿ ಅಣ್ಣ ಓದಿ ಕೊಟ್ಟ ಹಳೆಯದು. ‘84ನೇ ಪುಟ, ಮೂರನೇ ಸಾಲು’ ಎಂದು ಅವರು ಹೇಳಿದಾಗ ನೀವು ತೆರೆಯುವುದು ಬೇರೆಯೇ ಪಾಠ. ತಂತ್ರಾಂಶವೂ ಹಾಗೆಯೇ. ಯಾವ ಮಾಹಿತಿ ನೆನಪಿನಕೋಶದ ಯಾವ ಜಾಗದಲ್ಲಿದೆ, ಯಾವ ಆಜ್ಞೆಗೆ ಯಾವ ಸಂಕೇತ ಎಂಬುದನ್ನು ಅದು ಮೊದಲೇ ತಿಳಿದುಕೊಂಡಿರುತ್ತದೆ. ಫರ್ಮ್‌ವೇರಿನ ಹೊಸ ಆವೃತ್ತಿಯಲ್ಲಿ ಈ ಏರ್ಪಾಡು ಬದಲಾಗಬಹುದು, ಹೊಸ ಆಜ್ಞೆಗಳು ಸೇರಬಹುದು. ತರಗತಿಯಲ್ಲಾದರೆ ಪಕ್ಕದವನ ಪುಸ್ತಕ ಇಣುಕಿ ನೋಡಿ ಸುಧಾರಿಸಿಕೊಳ್ಳುತ್ತೀರಿ. ಯಂತ್ರ ಹಾಗೆ ಸುಧಾರಿಸಿಕೊಳ್ಳಬಾರದು. ತಪ್ಪು ಜಾಗದಲ್ಲಿ ಒಂದು ಅಂಕಿ ಬಿದ್ದರೆ ತೆರೆಯಬಾರದ ಕವಾಟ ತೆರೆದೀತು. ಆದ್ದರಿಂದಲೇ ಹೊಂದಾಣಿಕೆ ಇಲ್ಲದ ಕಡೆ ಮಾತನಾಡಲು ನಿರಾಕರಿಸುವಂತೆ ಇವುಗಳನ್ನು ಕಟ್ಟಿರುತ್ತಾರೆ. ಬೇಸರ ತರಿಸಿದರೂ ಈ ಬಿಗಿ ಒಳ್ಳೆಯದೇ ಎಂಬುದು ನನ್ನ ಅಭಿಪ್ರಾಯ.

ಒಂದು ನಿಜವಾದ ಉದಾಹರಣೆ ತೆಗೆದುಕೊಳ್ಳೋಣ. ರಾಕ್‌ವೆಲ್ ಆಟೊಮೇಶನ್ ಸಂಸ್ಥೆಯ ಅಲೆನ್ ಬ್ರಾಡ್ಲಿ ಹೆಸರಿನ ಕಂಟ್ರೋಲ್‌ಲಾಜಿಕ್ಸ್ ನಿಯಂತ್ರಕಗಳು ನಮ್ಮ ದೇಶದಲ್ಲಿಯೂ ಬಳಕೆಯಲ್ಲಿವೆ. ಇವುಗಳ ಫರ್ಮ್‌ವೇರಿಗೆ 20.12 ಎಂಬಂಥ ಸಂಖ್ಯೆ ಇರುತ್ತದೆ. ಚುಕ್ಕೆಯ ಎಡಕ್ಕಿರುವುದು ಮುಖ್ಯ ಆವೃತ್ತಿ, ಬಲಕ್ಕಿರುವುದು ಉಪ ಆವೃತ್ತಿ. ನಿಯಂತ್ರಕದೊಡನೆ ಸಂಪರ್ಕ ಸಾಧಿಸಬೇಕಾದರೆ ಪ್ರೋಗ್ರಾಮಿನ ಮುಖ್ಯ ಆವೃತ್ತಿಯೂ 20 ಆಗಿರಲೇಬೇಕು. 19 ಸಾಲದು, 21 ಕೂಡದು. ಒಂದು ಎಚ್ಚರಿಕೆ: ಇದು ಗಣಿತದ ದಶಮಾಂಶವಲ್ಲ. ಗಣಿತದಲ್ಲಿ 4.10 ಎಂದರೆ 4.1, ಅದು 4.2ಕ್ಕಿಂತ ಚಿಕ್ಕದು. ಆವೃತ್ತಿಯ ಲೆಕ್ಕದಲ್ಲಿ ಚುಕ್ಕೆಯ ಎರಡು ಬದಿಗಳನ್ನೂ ಬೇರೆ ಬೇರೆ ಓದಬೇಕು. ಅಲ್ಲಿ ಹತ್ತು ಎರಡಕ್ಕಿಂತ ಹೊಸದು.

ಈ ಕುಟುಂಬದ ತಂತ್ರಾಂಶಕ್ಕೆ 20ನೇ ಆವೃತ್ತಿಯವರೆಗೆ ಆರ್‌ಎಸ್‌ಲಾಜಿಕ್ಸ್ 5000 ಎಂದು ಹೆಸರು. 21ರಿಂದ ಸ್ಟುಡಿಯೋ 5000 ಎಂದಾಯಿತು. ಹೆಸರಿನ ಜೊತೆಗೆ ಇನ್ನೊಂದು ಗೆರೆಯೂ ಅಲ್ಲಿಯೇ ಬಿತ್ತು. ಎಲ್ 61, ಎಲ್ 63 ಮುಂತಾದ ಹಳೆಯ ನಿಯಂತ್ರಕಗಳಿಗೆ 20ರ ಮುಂದೆ ಫರ್ಮ್‌ವೇರ್ ಬರಲಿಲ್ಲ. ಅವುಗಳ ಮುಂದಿನ ಪೀಳಿಗೆಯ ಎಲ್ 7 ಸಾಲಿನವು 20ರಲ್ಲಿಯೂ ನಡೆಯುತ್ತವೆ, ಅದರಾಚೆಗೂ ನಡೆಯುತ್ತವೆ. ಹೀಗಾಗಿ 20ನೇ ಆವೃತ್ತಿ ಹಳೆಯದಕ್ಕೂ ಹೊಸದಕ್ಕೂ ನಡುವಿನ ಸೇತುವೆ. ಆಮೇಲಿನ ಎಲ್ 8 ಸಾಲಿನವು ಮಾತ್ರ 28ಕ್ಕಿಂತ ಹಿಂದಕ್ಕೆ ಬರಲಾರವು. ಆದ್ದರಿಂದ ಕೆಟ್ಟ ಎಲ್ 61ರ ಜಾಗದಲ್ಲಿ ಎಲ್ 8 ಕೂಡಿಸಿದರೆ ಹಳೆಯ ಪ್ರೋಗ್ರಾಮನ್ನು ಹಾಗೆಯೇ ಇಳಿಸಲಾಗದು, ಪರಿವರ್ತಿಸಬೇಕು.

ಇದರಲ್ಲಿ ಪಣಕ್ಕಿಡುವುದೇನು ಎಂದು ಕೇಳಬಹುದು. ಕಬ್ಬು ನುರಿಯುವ ಹಂಗಾಮಿನಲ್ಲಿ ಒಂದು ಸಕ್ಕರೆ ಕಾರ್ಖಾನೆಯನ್ನು ಊಹಿಸಿಕೊಳ್ಳಿ. ನಡುರಾತ್ರಿ ನಿಯಂತ್ರಕ ಕೈಕೊಟ್ಟಿದೆ. ಹೊರಗೆ ಟ್ರ್ಯಾಕ್ಟರು, ಎತ್ತಿನ ಗಾಡಿಗಳ ಸಾಲು. ಕಡಿದ ಕಬ್ಬು ಒಣಗುತ್ತ ಹೋದಂತೆ ತೂಕವೂ ಇಳಿಯುತ್ತದೆ, ಸಕ್ಕರೆಯ ಅಂಶವೂ ಇಳಿಯುತ್ತದೆ. ನಷ್ಟ ಕಾರ್ಖಾನೆಗೂ ಹೌದು, ಗಾಡಿಯ ಕೆಳಗೆ ಕಂಬಳಿ ಹಾಸಿ ಮಲಗಿದ ರೈತನಿಗೂ ಹೌದು. ಉಗ್ರಾಣದಲ್ಲಿ ಬದಲಿ ನಿಯಂತ್ರಕವೇನೋ ಇದೆ. ಅದನ್ನು ಕೂಡಿಸಿ ಪ್ರೋಗ್ರಾಂ ಇಳಿಸಹೊರಟರೆ ಆವೃತ್ತಿ ಹೊಂದುವುದಿಲ್ಲ ಎಂಬ ಸೂಚನೆ ಪರದೆಯ ಮೇಲೆ ಬರುತ್ತದೆ. ಜೊತೆಗೆ ‘ಫರ್ಮ್‌ವೇರ್ ಬದಲಿಸಲೇ?’ ಎಂಬ ಪ್ರಶ್ನೆ. ಹೊಸ, ಖಾಲಿ ನಿಯಂತ್ರಕವಾದರೆ ಬದಲಿಸಬಹುದು. ಆದರೆ ಪಕ್ಕದಲ್ಲಿ ಕೆಲಸ ಮಾಡುತ್ತಿರುವ ಇನ್ನೊಂದು ನಿಯಂತ್ರಕಕ್ಕೆ ಕೇಬಲ್ಲು ಸಿಕ್ಕಿಸಿ ಅದೇ ಉತ್ಸಾಹದಲ್ಲಿ ‘ಹೌದು’ ಎಂದರೆ ಗತಿಯೇನು? ಕಂಟ್ರೋಲ್‌ಲಾಜಿಕ್ಸ್‌ನಲ್ಲಿ ಫರ್ಮ್‌ವೇರ್ ಬದಲಿಸುವಾಗ ನೆನಪಿನಲ್ಲಿದ್ದ ಪ್ರೋಗ್ರಾಂ ಅಳಿಸಿಹೋಗುತ್ತದೆ. ಅದರೊಂದಿಗೆ ಆಪರೇಟರುಗಳು ವರ್ಷಗಳಿಂದ ಸ್ವಲ್ಪ ಸ್ವಲ್ಪವೇ ತಿದ್ದಿ ಹದಗೊಳಿಸಿದ ಕಾಲಮಾಪಕಗಳ ಬೆಲೆ, ಉಷ್ಣತೆಯ ಮಿತಿ ಎಲ್ಲವೂ ಹೋಗುತ್ತವೆ. ಇವು ಕಚೇರಿಯ ಪ್ರತಿಯಲ್ಲಿ ಇರುವುದು ಅಪರೂಪ. ನಡುವೆ ವಿದ್ಯುತ್ತು ಹೋದರಂತೂ ನಿಯಂತ್ರಕವೇ ಕೆಲಸಕ್ಕೆ ಬಾರದಂತಾಗಬಹುದು.

ಹಾಗಾದರೆ ಕ್ರಮವೇನು? ಮೊದಲು ನಿಯಂತ್ರಕದ ಈಗಿನ ಆವೃತ್ತಿಯನ್ನು ಓದಿಕೊಳ್ಳಬೇಕು. ಅದಕ್ಕೆ ಹೊಂದುವ ತಂತ್ರಾಂಶದಿಂದಲೇ ಪ್ರೋಗ್ರಾಮನ್ನು ಮೇಲೆತ್ತಿ ಉಳಿಸಬೇಕು. ಆರ್‌ಎಸ್‌ಲಾಜಿಕ್ಸ್‌ನ ಹಲವು ಆವೃತ್ತಿಗಳನ್ನು ಒಂದೇ ಗಣಕದಲ್ಲಿ ಪಕ್ಕಪಕ್ಕ ಇಟ್ಟುಕೊಳ್ಳಲು ಅಡ್ಡಿಯಿಲ್ಲ. ಅನುಭವಸ್ಥರು ಹಾಗೆಯೇ ಮಾಡುತ್ತಾರೆ.

ಜರ್ಮನಿಯ ಸೀಮೆನ್ಸ್ ಸಂಸ್ಥೆಯ ದಾರಿ ಸ್ವಲ್ಪ ಬೇರೆ. ಅವರ ಎಸ್7-1500 ನಿಯಂತ್ರಕದಲ್ಲಿ ಹಳೆಯ ಆವೃತ್ತಿಗೆಂದು ಬರೆದ ಯೋಜನೆಯನ್ನು ಹೊಸ ಫರ್ಮ್‌ವೇರ್ ಇರುವ ನಿಯಂತ್ರಕ ಸಾಮಾನ್ಯವಾಗಿ ಸ್ವೀಕರಿಸುತ್ತದೆ, ಹಳೆಯದರಂತೆಯೇ ನಡೆದುಕೊಳ್ಳುತ್ತದೆ. ಆದರೆ ಚಿಕ್ಕ ನಿಯಂತ್ರಕವಾದ ಎಸ್7-1200ರಲ್ಲಿ 3ರಿಂದ 4ಕ್ಕೆ ಹೋಗುವಾಗ ಯಂತ್ರಾಂಶವೇ ಬದಲಾಯಿತು. 3ನೇ ಆವೃತ್ತಿಯದನ್ನು ಫರ್ಮ್‌ವೇರ್ ತುಂಬಿ 4 ಮಾಡಲಾಗದು. 4.0ಕ್ಕೆ ಟಿಐಎ ಪೋರ್ಟಲ್ ತಂತ್ರಾಂಶದ 13ನೇ ಆವೃತ್ತಿಯಾದರೂ ಬೇಕು. ಹೊಸ ಪೋರ್ಟಲ್‌ಗೆ ಏರಿಸಿದ ಯೋಜನೆಯನ್ನು ಹಳೆಯದರಲ್ಲಿ ತೆರೆಯಲೂ ಆಗದು, ಆದ್ದರಿಂದ ಏರಿಸುವ ಮುನ್ನ ಮೂಲಪ್ರತಿಯನ್ನು ಬೇರೆ ಇಡಬೇಕು.

1993ರಲ್ಲಿ ಪಿಎಲ್‌ಸಿ ಭಾಷೆಗಳಿಗೆ ಅಂತರರಾಷ್ಟ್ರೀಯ ಮಾನಕವೊಂದು ಬಂತಲ್ಲ, ತೊಂದರೆ ತೀರಬೇಕಿತ್ತಲ್ಲ ಎಂದು ಪಾಲಿಟೆಕ್ನಿಕ್ಕಿನವರು ಕೇಳಬಹುದು. ಈಗ ಐಇಸಿ 61131-3 ಎಂದು ಕರೆಯುವ ಆ ಮಾನಕ ಪ್ರೋಗ್ರಾಂ ಬರೆಯುವ ಭಾಷೆಯನ್ನು ಒಂದು ದಾರಿಗೆ ತಂದಿತು. ಕಡತದ ಒಳರೂಪ, ಫರ್ಮ್‌ವೇರಿನೊಡನೆ ಮಾತುಕತೆಯ ರೀತಿ ಇವೆಲ್ಲ ಆಯಾ ತಯಾರಕರ ಕೈಯಲ್ಲೇ ಉಳಿದವು.

ಲ್ಯಾಪ್‌ಟಾಪಿನ ವಿಂಡೋಸ್ ಕೂಡ ಈ ಲೆಕ್ಕಕ್ಕೆ ಸೇರಿದ್ದು. ವಿಂಡೋಸ್ ಎಕ್ಸ್‌ಪಿಗೆ ಮೈಕ್ರೋಸಾಫ್ಟ್ ಬೆಂಬಲ 2014ರಲ್ಲಿಯೇ ನಿಂತಿತು. ಅದರ ಕಾಲದ ತಂತ್ರಾಂಶವನ್ನು ಬೇಡುವ ನಿಯಂತ್ರಕಗಳು ಮಾತ್ರ ಇನ್ನೂ ದುಡಿಯುತ್ತಿವೆ. ಅಂಥ ಕಡೆ ಹೊಸ ಗಣಕದೊಳಗೆ ಹಳೆಯ ಗಣಕವೊಂದನ್ನು ತಂತ್ರಾಂಶದಿಂದಲೇ ಸೃಷ್ಟಿಸಿ, ವರ್ಚುವಲ್ ಮಷಿನ್ ಎಂದು ಕರೆಯುವ ಆ ಏರ್ಪಾಟಿನಲ್ಲಿ ಕೆಲಸ ಸಾಗಿಸುತ್ತಾರೆ.

ಮುಂದೆ ತರಬೇತಿಗೆಂದು ಕಾರ್ಖಾನೆಗೆ ಹೋದಾಗ, ಅಲ್ಲಿನವರ ಅನುಮತಿ ಪಡೆದು ನಿಯಂತ್ರಣ ಪೆಟ್ಟಿಗೆಯ ಬಾಗಿಲಿನ ಒಳಬದಿಯನ್ನು ಗಮನಿಸಿ. ಅಚ್ಚುಕಟ್ಟಾದ ಕಡೆ ಅಲ್ಲೊಂದು ಹಾಳೆ ಅಂಟಿಸಿರುತ್ತಾರೆ: ನಿಯಂತ್ರಕದ ಮಾದರಿ, ಫರ್ಮ್‌ವೇರಿನ ಪೂರ್ಣ ಸಂಖ್ಯೆ, ತಂತ್ರಾಂಶದ ಆವೃತ್ತಿ, ಕೊನೆಯ ಪ್ರತಿ ತೆಗೆದ ತಾರೀಖು. ಹಾಳೆ ಇಲ್ಲದಿದ್ದರೆ ಮೇಲ್ವಿಚಾರಕರನ್ನು ಕೇಳಿ, ಒಂದನ್ನು ನೀವೇ ಬರೆದು ಅಂಟಿಸಿ ಬನ್ನಿ. ಅವರು ಬೇಡವೆನ್ನಲಾರರು.