‘ಸ್ನೀಕ್’ ಎಂಬ ಕ್ರಿಯಾಪದ

ಸದ್ದಿಲ್ಲದ ನಡೆಯನ್ನು ಸೂಚಿಸುವ ಕ್ರಿಯಾಪದಗಳು ಇಂಗ್ಲಿಷಿನಲ್ಲಿ ಹಲವಿವೆ. ಅವುಗಳಲ್ಲಿ ‘ಸ್ನೀಕ್’ ಎಂಬುದನ್ನು ನಾವು ಸಲೀಸಾಗಿ ಬಳಸಿಬಿಡುತ್ತೇವೆ. ಆದರೆ ಅದು ಸಲೀಸಾದ ಮಾತಲ್ಲ.

ಜ್ವರದಿಂದ ಮಲಗಿರುವ ತಾಯಿಗೆ ನಿದ್ರಾಭಂಗವಾಗದಿರಲೆಂದು ಹುಡುಗನೊಬ್ಬನು ತುದಿಗಾಲಿನಲ್ಲಿ ಕೋಣೆಯನ್ನು ಹೊಕ್ಕನೆನ್ನೋಣ. ಅದನ್ನು ಅವನು ‘ಸ್ನೀಕ್’ ಎಂದು ಬರೆದರೆ, ಪಾಪ, ತನ್ನ ಮೇಲೆ ತಾನೇ ತಪ್ಪು ಹೊರಿಸಿಕೊಂಡಂತಾಗುವುದು. ಅಲ್ಲಿಗೆ ಒಪ್ಪುವ ಮಾತು ‘ಟಿಪ್‌ಟೋ’ ಅಥವಾ ‘ಕ್ರೀಪ್’. ಸ್ನೀಕ್ ಮಾಡುವವನಿಗೆ ಇರುವುದು ಸದ್ದಿನ ಭಯವಲ್ಲ, ಸಿಕ್ಕಿಬೀಳುವ ಭಯ.

ಈ ತಿರಸ್ಕಾರವು ಪದಕ್ಕೆ ಮೊದಲಿನಿಂದಲೂ ಅಂಟಿದೆ. 1598ರಲ್ಲಿ ಅಚ್ಚಾದ ಷೇಕ್ಸ್‌ಪಿಯರನ ‘ನಾಲ್ಕನೆಯ ಹೆನ್ರಿ’ ನಾಟಕದ ಮೊದಲ ಭಾಗದಲ್ಲಿ, ಗಡೀಪಾರಾಗಿದ್ದವನು ಹಿಂದಿರುಗಿ ದೊರೆಯಾದುದನ್ನು ಹಾಟ್‌ಸ್ಪರನು ನೆನೆಯುತ್ತಾನೆ. ಆ ಹಿಂದಿರುಗುವಿಕೆಗೆ ಅವನು ಬಳಸುವುದು ಈ ಮಾತನ್ನೇ. ದೊರೆಯನ್ನು ಹೀಗಳೆಯಲು ಒಂದು ಕ್ರಿಯಾಪದವೇ ಸಾಕಾಯಿತು! ತೆವಳುವುದು ಎಂಬರ್ಥದ ‘ಸ್ನೀಕನ್’ ಎಂಬ ಹಳೆಯ ಇಂಗ್ಲಿಷ್ ಪದಕ್ಕೂ ಇದಕ್ಕೂ ನಂಟಿರಬಹುದೆಂದು ವಿದ್ವಾಂಸರು ಊಹಿಸುವರು. ಆದರೆ ಸ್ವರಗಳ ಬದಲಾವಣೆಯ ನಿಯಮಕ್ಕೆ ಅದು ಸರಿಹೊಂದದು. ಇಂಗ್ಲೆಂಡಿನ ಶಾಲೆಗಳಲ್ಲಂತೂ ಗೆಳೆಯರ ಮೇಲೆ ಉಪಾಧ್ಯಾಯರಿಗೆ ಚಾಡಿ ಹೇಳುವ ಹುಡುಗನಿಗೇ ಈ ಹೆಸರು.

ಭೂತಕಾಲದ ರೂಪದಲ್ಲಿಯೂ ಒಂದು ತೊಡಕಿದೆ. ಪರಂಪರೆಯ ರೂಪ ‘ಸ್ನೀಕ್ಡ್’. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಅಮೆರಿಕದಲ್ಲಿ ‘ಸ್ನಕ್’ ಎಂಬುದು ತಲೆಯೆತ್ತಿತು. ‘ಲೀಕ್’ ಎಂಬುದು ‘ಲಕ್’ ಆಗಲಿಲ್ಲ, ‘ಪೀಕ್’ ಎಂಬುದು ‘ಪಕ್’ ಆಗಲಿಲ್ಲ. ಇದೊಂದು ಮಾತ್ರ ವ್ಯಾಕರಣದ ಹಿಂಬಾಗಿಲಿನಿಂದ ಒಳಬಂದು ಈಗ ಅಲ್ಲಿ ನೆಲೆಸಿದೆ. ಅರ್ಜಿ, ಪ್ರಬಂಧಗಳಲ್ಲಿ ಹಳೆಯ ರೂಪವೇ ಕ್ಷೇಮವೆಂದು ನಮ್ಮ ಮತ. ಹೊಸದನ್ನು ಕೇಳಿ ನಗಬೇಕಾಗಿಲ್ಲ.

ಕನ್ನಡದಲ್ಲಿ ಇದಕ್ಕೆ ಸಮನಾದ ಮಾತೇನು? ‘ನುಸುಳು’ ಎನ್ನುವರು. ಆದರೆ ಹೆಂಚಿನ ಸಂದಿಯಲ್ಲಿ ಬಿಸಿಲೂ ನುಸುಳುತ್ತದೆ, ಬಿಸಿಲಿನ ತಪ್ಪೇನು? ‘ಕದ್ದು ನೋಡು’, ‘ಕದ್ದು ಕೇಳು’ ಎಂಬಲ್ಲಿನ ‘ಕದ್ದು’ ಇನ್ನೂ ಹತ್ತಿರದ್ದು. ವಿಚಿತ್ರವೆಂದರೆ, ಕಳ್ಳತನವನ್ನು ಹೇಳುವ ಇಂಗ್ಲಿಷಿನ ‘ಸ್ಟೀಲ್’ ಸಹ ಹೀಗೆಯೇ ಗುಟ್ಟಾದ ನಡೆಗೆ ಸಲ್ಲುತ್ತದೆ. ನಂಟಿಲ್ಲದ ಎರಡು ಭಾಷೆಗಳು ಒಂದೇ ದಾರಿ ಹಿಡಿದಿವೆ. ಆದರೂ ಇಂಗ್ಲಿಷಿನವರ ಸಂಜೆಯು ‘ಸ್ಟೀಲ್’ ಮಾಡುತ್ತ ಬಂದರೆ ಅದರಲ್ಲಿ ನಿಂದೆಯಿಲ್ಲ.

ಕಡೆಗೆ ನಮಗೆ ಉಳಿಯುವುದು ‘ಕಳ್ಳಹೆಜ್ಜೆಯಿಡು’ ಎಂಬುದು. ಬೆಕ್ಕು ಹಾಲಿನ ಪಾತ್ರೆಯತ್ತ ಬರುವ ರೀತಿಗೆ ನಾವು ಹಾಗೆನ್ನುತ್ತೇವೆ. ಅದನ್ನು ‘ಸ್ನೀಕ್’ ಎಂದರೆ ಯಾವ ಇಂಗ್ಲಿಷ್ ಪಂಡಿತನೂ ಆಕ್ಷೇಪಿಸಲಾರನು.