ಹೆರಿಗೆ, ಎದೆಹಾಲು ಮತ್ತು ಸ್ತನ ಕ್ಯಾನ್ಸರ್
(ಮಹಿಳಾ ಆರೋಗ್ಯ ತಪಾಸಣಾ ಶಿಬಿರದಲ್ಲಿ ವೈದ್ಯರು ಮಾಡಿದ ಉಪನ್ಯಾಸ)



“ಮೂರು ಮಕ್ಕಳನ್ನು ಹೆತ್ತು ಹಾಲುಣಿಸಿದ್ದೇನೆ, ನನಗೇಕೆ ಸ್ತನ ಕ್ಯಾನ್ಸರ್ ಬರುತ್ತದೆ?” ಎಂದು ಕೇಳುವ ತಾಯಂದಿರಿದ್ದಾರೆ. “ಮಕ್ಕಳಾಗಲಿಲ್ಲ, ಅದಕ್ಕೇ ಈ ರೋಗ ಬಂತು” ಎಂದು ಕೊರಗುವವರೂ ಇದ್ದಾರೆ. ಎರಡೂ ಅರ್ಧ ಸತ್ಯದ ಮಾತುಗಳು.

ಸತ್ಯವಿರುವ ಭಾಗವನ್ನು ಮೊದಲು ನೋಡೋಣ. 2002ರಲ್ಲಿ 30 ದೇಶಗಳ 47 ಅಧ್ಯಯನಗಳನ್ನು ಒಟ್ಟುಗೂಡಿಸಿ ಪರಿಶೀಲಿಸಿದಾಗ, ಪ್ರತಿ ಹೆರಿಗೆಗೆ ಸ್ತನ ಕ್ಯಾನ್ಸರಿನ ಸಂಭವ ಶೇ. 7ರಷ್ಟು, ಎದೆಹಾಲುಣಿಸಿದ ಪ್ರತಿ 12 ತಿಂಗಳಿಗೆ ಇನ್ನೂ ಶೇ. 4.3ರಷ್ಟು ಕಡಿಮೆಯಾಗುವುದು ಕಂಡುಬಂತು. ಸ್ತನದ ಜೀವಕೋಶಗಳು ಪೂರ್ಣವಾಗಿ ಬಲಿಯುವುದು ಬಸಿರು, ಬಾಣಂತನಗಳಲ್ಲಿ. ಬಲಿತ ಕೋಶಗಳು ಅಷ್ಟು ಸುಲಭವಾಗಿ ಕೆಡುವುದಿಲ್ಲ.

ಆದರೆ ಸ್ತನ ಕ್ಯಾನ್ಸರ್ ಒಂದೇ ರೋಗವಲ್ಲ. ಗಂಟಿನ ಚೂರನ್ನು ತೆಗೆದು ಇ.ಆರ್., ಪಿ.ಆರ್., ಹರ್-2 ಎಂಬ ಮೂರು ಪರೀಕ್ಷೆ ಮಾಡುತ್ತೇವೆ. ಮೊದಲೆರಡು, ಗಂಟು ಹೆಣ್ಣಿನ ಹಾರ್ಮೋನುಗಳಿಂದ ಬೆಳೆಯುವಂಥದೇ ಎಂಬುದನ್ನು ತಿಳಿಸುತ್ತವೆ. ಮೂರೂ ಇಲ್ಲದಿದ್ದರೆ ಅದು ‘ಟ್ರಿಪಲ್ ನೆಗೆಟಿವ್’. ಹೆರಿಗೆಯಿಂದ ಸಿಗುವ ರಕ್ಷಣೆ ಮುಖ್ಯವಾಗಿ ಹಾರ್ಮೋನಿನ ಬಗೆಗೆ ಮಾತ್ರ. ಟ್ರಿಪಲ್ ನೆಗೆಟಿವ್ ಬಗೆಗೆ ಅಂಥ ರಕ್ಷಣೆ ಕಂಡುಬಂದಿಲ್ಲ. ಹೆತ್ತೂ ಹಾಲುಣಿಸದವರಲ್ಲಿ ಅದು ಹೆಚ್ಚೆಂದು ಕೆಲವು ಅಧ್ಯಯನಗಳು ಹೇಳಿವೆ. ಹಾಲುಣಿಸುವುದು ಮಾತ್ರ ಎರಡೂ ಬಗೆಯನ್ನು ತಗ್ಗಿಸುತ್ತದೆ. ಟ್ರಿಪಲ್ ನೆಗೆಟಿವ್ ಚಿಕ್ಕ ವಯಸ್ಸಿನವರಲ್ಲಿ ಹೆಚ್ಚು, ಬೇಗ ಬೆಳೆಯುತ್ತದೆ. ಪಾಶ್ಚಾತ್ಯ ದೇಶಗಳಿಗಿಂತ ನಮ್ಮ ದೇಶದಲ್ಲಿ ಅದರ ಪ್ರಮಾಣವೂ ಹೆಚ್ಚು.

ಇನ್ನೊಂದು ಮಾತು. ಹೆರಿಗೆಯ ರಕ್ಷಣೆ ತಕ್ಷಣ ಸಿಗುವುದಿಲ್ಲ. 2019ರಲ್ಲಿ 15 ಅಧ್ಯಯನಗಳನ್ನು ಒಟ್ಟಾಗಿ ನೋಡಿದಾಗ, ಹೆರಿಗೆಯಾದ ಸುಮಾರು 5 ವರ್ಷಕ್ಕೆ ಅಪಾಯ ಸ್ವಲ್ಪ ಏರಿ, 20 ವರ್ಷಗಳಿಗೂ ಮೀರಿದ ಮೇಲೆ ರಕ್ಷಣೆ ಕಾಣಿಸಿತು. ಹೆದರಬೇಡಿ, ಆ ವಯಸ್ಸಿನಲ್ಲಿ ಈ ರೋಗವೇ ಅಪರೂಪ. ಆದರೆ ಬಾಣಂತಿಗೆ ಗಂಟು ಕಂಡರೆ “ಹಾಲು ಕಟ್ಟಿದೆ, ತಾನೇ ಕರಗುತ್ತದೆ” ಎಂದು ತಿಂಗಳುಗಟ್ಟಲೆ ಕಾಯಬೇಡಿ. ಎರಡು ವಾರದಲ್ಲಿ ಕರಗದಿದ್ದರೆ ವೈದ್ಯರಿಗೆ ತೋರಿಸಿ. ಸ್ಕ್ಯಾನಿಂಗಿನಿಂದ ತಾಯಿಗಾಗಲಿ ಮಗುವಿಗಾಗಲಿ ತೊಂದರೆಯಿಲ್ಲ. ಅದಕ್ಕಾಗಿ ಹಾಲು ಬಿಡಿಸಬೇಕಾಗಿಲ್ಲ. ಸೂಜಿ ಚುಚ್ಚಿ ಪರೀಕ್ಷಿಸಿದರೆ ರೋಗ ಹರಡುತ್ತದೆಂಬುದು ತಪ್ಪು ತಿಳಿವಳಿಕೆ.

ಮಕ್ಕಳಿಲ್ಲದ ಅಕ್ಕ-ತಂಗಿಯರಿಗೆ ಹೇಳುವುದಿಷ್ಟು: ರೋಗ ನಿಮ್ಮ ತಪ್ಪಲ್ಲ. ಈ ಅಂಕಿಗಳು ಸಾವಿರಾರು ಜನರ ಲೆಕ್ಕ, ಒಬ್ಬಳ ಹಣೆಬರಹವಲ್ಲ. ಮನೆಯವರೂ ಆಕೆಯನ್ನು ದೂರಬಾರದು. ಕ್ಯಾನ್ಸರ್ ತಡೆಯಲೆಂದು ಯಾರೂ ಹೆಚ್ಚು ಮಕ್ಕಳನ್ನು ಹೆರಬೇಕಾಗಿಲ್ಲ.

ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯವರು ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರಿಂದ ಎರಡು ವರ್ಷಕ್ಕೊಮ್ಮೆ ಕೈಯಿಂದಲೇ ಸ್ತನ ಪರೀಕ್ಷೆ ಮಾಡಿಸಿದರು. 2021ರಲ್ಲಿ ಪ್ರಕಟವಾದ ಫಲಿತಾಂಶದಂತೆ, 50 ದಾಟಿದವರಲ್ಲಿ ಈ ರೋಗದ ಸಾವು ಸುಮಾರು ಶೇ. 30ರಷ್ಟು ಇಳಿದಿತ್ತು.

ಆದ್ದರಿಂದ ಮಕ್ಕಳೆಷ್ಟು ಎಂದು ಎಣಿಸುತ್ತ ಕೂಡಬೇಡಿ. ಗಂಟು, ಒಳಕ್ಕೆ ಎಳೆದುಕೊಂಡ ತೊಟ್ಟು, ರಕ್ತದ ಸೋರಿಕೆ, ಚರ್ಮದಲ್ಲಿ ಕುಳಿ – ಇವುಗಳಲ್ಲಿ ಯಾವುದು ಕಂಡರೂ, ನೋವಿಲ್ಲದಿದ್ದರೂ, ಸಂಕೋಚ ಬಿಟ್ಟು ಬಂದು ತೋರಿಸಿ. ಬೇಗ ಬಂದವರಿಗೆ ಗುಣವಾಗುವ ಅವಕಾಶ ಹೆಚ್ಚು.