ಫಾರಂ ತುಂಬುತ್ತಿದ್ದ ನಮ್ಮ ಕ್ಯಾಂಪ್ ಸರ್

(ಬೆಂಗಳೂರಿನ ನುಡಿನಮನ ಸಭೆಯಲ್ಲಿ ಸಹೋದ್ಯೋಗಿಯೊಬ್ಬರು ಮಾಡಿದ ಭಾಷಣ. ಮನೆಯವರ ಅಪೇಕ್ಷೆಯಂತೆ ಗೆಳೆಯನ ಹೆಸರನ್ನು ಅಚ್ಚು ಮಾಡಿಲ್ಲ.)



ಭಾಷಣ ನನಗೆ ಬರುವುದಿಲ್ಲ. ನಮ್ಮ ಕಾರ್ಯಕ್ರಮಗಳಲ್ಲಿ ಮೈಕು ಹಿಡಿಯುತ್ತಿದ್ದವನು ಅವನು, ಕುರ್ಚಿ ಜೋಡಿಸುತ್ತಿದ್ದವನು ನಾನು. ಇಂದು ಅವನ ಫೋಟೋಕ್ಕೆ ಹಾರ ಹಾಕಿ ಮೈಕನ್ನು ನನ್ನ ಕೈಗೆ ಕೊಟ್ಟಿದ್ದೀರಿ. ಅವನಿಗೆ 38 ವರ್ಷ. ಅದೇನು ಹೋಗುವ ವಯಸ್ಸೇ?

ನಾವಿಬ್ಬರೂ ಅತಿಥಿ ಉಪನ್ಯಾಸಕರು. ಹೆಸರಿಗೆ ಅತಿಥಿ, ಸಂಬಳ ಬರುವ ದಿನ ಮಾತ್ರ ದೇವರಿಗೇ ಗೊತ್ತು. ಅವನು ಕನ್ನಡ, ನಾನು ಇತಿಹಾಸ. ವಾರದಲ್ಲಿ ಮೂರು ದಿನ ಲಿಂಗಸುಗೂರು, ಮೂರು ದಿನ ಸಿಂಧನೂರು. ಪೆಟ್ರೋಲ್ ಉಳಿಯಲೆಂದು ಒಂದೇ ಬೈಕು. ನಡುವೆ ಮಸ್ಕಿಯಲ್ಲಿ ಚಹಾ, ಮಿರ್ಚಿ. ಆರು ವರ್ಷ ಅವನ ಬೆನ್ನು ನೋಡಿಕೊಂಡೇ ಆ ರಸ್ತೆಯಲ್ಲಿ ಓಡಾಡಿದೆ.

ಅವನ ಮನೆಮಾತು ತೆಲುಗು. ಹೌದು ಮಿತ್ರರೇ, ತೆಲುಗು! ಕೆಲವರ ಹುಬ್ಬು ಮೇಲೇರಿದ್ದು ನನಗೆ ಇಲ್ಲಿಂದಲೇ ಕಾಣುತ್ತಿದೆ. ತುಂಗಭದ್ರೆಯ ಎಡದಂಡೆ ಕಾಲುವೆಗೆ ನೀರು ಬಂದ ಮೇಲೆ ಆಂಧ್ರದ ಕಡೆಯಿಂದ ರೈತರು ಬಂದು ಸಿಂಧನೂರು ಸುತ್ತ ಭೂಮಿ ಕೊಂಡರು, ಭತ್ತ ಬೆಳೆದರು. ಅವರು ಕಟ್ಟಿಕೊಂಡ ಊರುಗಳಿಗೆ ಇಂದಿಗೂ ಕ್ಯಾಂಪ್ ಎಂದೇ ಹೆಸರು. ಕ್ಯಾಂಪಿನವರೆಂದರೆ ಹೊರಗಿನವರು ಎಂಬ ಮಾತು ನಮ್ಮಲ್ಲಿದೆ. ನಾನೂ ಆಡಿದ್ದೇನೆ, ಅವನ ಎದುರಿಗೇ. ಅವನು ನಕ್ಕು, "ಹೌದಪಾ, ನಮ್ಮಜ್ಜ ಹೊರಗಿನಾಂವ. ನಾ ಎಲ್ಲಿ ಹೋಗ್ಲಿ?" ಅಂದ. ಕನ್ನಡ ಶಾಲೆಯಲ್ಲಿ ಕಲಿತವನು, ಕನ್ನಡದಲ್ಲಿ ಎಂ.ಎ. ಮಾಡಿದವನು. ವಿದ್ಯಾರ್ಥಿಗಳಿಗೆ ಅವನು 'ಕ್ಯಾಂಪ್ ಸರ್'. ಆ ಹೆಸರನ್ನು ಬೇಡ ಎನ್ನಲಿಲ್ಲ.

ಸಂತೆಯ ದಿನ ಮಧ್ಯಾಹ್ನ ಅವನು ಬ್ಯಾಂಕಿನ ಮುಂದಿನ ಬೇವಿನ ಮರದ ಕೆಳಗೆ ಕೂರುತ್ತಿದ್ದ. ಹಣ ತೆಗೆಯುವ ಚೀಟಿ, ಬೆಳೆವಿಮೆ ಅರ್ಜಿ, ವಿಧವಾ ವೇತನದ ಕಾಗದ, ಎಲ್ಲವನ್ನೂ ಕನ್ನಡದಲ್ಲೇ ತುಂಬಿಕೊಡುತ್ತಿದ್ದ. ಒಳಗೆ ಇರುವವರಿಗೆ ಕನ್ನಡ ಓದಲು ಬಾರದು. "ಇಂಗ್ಲಿಷ್‌ನಲ್ಲಿ ಬರೆಸಿಕೊಂಡು ಬಾ" ಎಂದು ವಾಪಸು ಕಳಿಸುವರು. ಇವನು ಆ ಮುದುಕಿಯ ಜೊತೆ ಒಳಗೆ ಹೋಗಿ ನಿಲ್ಲುವನು. ಗ್ರಾಹಕರಿಗೆ ಕೊಡುವ ಫಾರಂ ಇಂಗ್ಲಿಷ್, ಹಿಂದಿಯ ಜೊತೆ ಆ ರಾಜ್ಯದ ಭಾಷೆಯಲ್ಲೂ ಇರಬೇಕೆಂದು ರಿಸರ್ವ್ ಬ್ಯಾಂಕೇ ಹೇಳಿದೆ. "ಕನ್ನಡದಾಗ ಅಚ್ಚು ಹಾಕ್ಸೀರಿ, ಕನ್ನಡದಾಗ ತುಂಬಿದ್ರ ಯಾಕ ಒಲ್ಲಿರಿ?" ಎಂದು ಕೇಳುವನು. ಕೂಗಾಡುತ್ತಿರಲಿಲ್ಲ, ಬೋರ್ಡಿಗೆ ಮಸಿ ಬಳಿಯಲಿಲ್ಲ. ಬಳಿಯುವವರನ್ನು ಬೈಯಲೂ ಇಲ್ಲ. ಚೀಟಿ ಪಾಸಾಗುವ ತನಕ ನಿಲ್ಲುವನು, ಅಷ್ಟೇ. ನನಗೇ ಬೇಸರವಾಗಿ ಹೊರಗೆ ಬಂದುಬಿಡುತ್ತಿದ್ದೆ. ಹೆಬ್ಬೆಟ್ಟು ಒತ್ತುತ್ತಿದ್ದ ಹೆಂಗಸರಿಗೆ ಅದೇ ಮರದ ಕೆಳಗೆ ಸಹಿ ಕಲಿಸಿದ.

ಪ್ರತಿವರ್ಷ ವಿದ್ಯಾರ್ಥಿಗಳನ್ನು ಮಸ್ಕಿಯ ಅಶೋಕನ ಶಾಸನದ ಬಳಿ ಕರೆದೊಯ್ಯುತ್ತಿದ್ದೆವು. ಮಸ್ಕಿ ಈಗ ತಾನೇ ಒಂದು ತಾಲೂಕು, ಮೊದಲು ಲಿಂಗಸುಗೂರಿಗೆ ಸೇರಿತ್ತು. 1915ರಲ್ಲಿ ಬೀಡನ್ ಎಂಬ ಚಿನ್ನದ ಗಣಿಯ ಎಂಜಿನಿಯರ್ ಆ ಬಂಡೆಯನ್ನು ಪತ್ತೆ ಮಾಡಿದ. ದೇವಾನಾಂಪ್ರಿಯನೆಂದರೆ ಅಶೋಕನೇ ಎಂದು ಜಗತ್ತಿಗೆ ಖಚಿತವಾದದ್ದು ನಮ್ಮ ಮಸ್ಕಿಯಿಂದ. ಇಷ್ಟನ್ನು ನಾನು ಹೆಮ್ಮೆಯಿಂದ ಹೇಳಿ ಮುಗಿಸುತ್ತಿದ್ದೆ. ಆಮೇಲೆ ಅವನ ಸರದಿ. ಲಿಪಿ ಬ್ರಾಹ್ಮಿ, ಭಾಷೆ ಪ್ರಾಕೃತ, ಕನ್ನಡ ಅಲ್ಲ ಎಂದು ತೋರಿಸಿ, "ನೋಡ್ರಪಾ, ತಿಳೀಲಾರದ ಭಾಷ್ಯಾದಾಗ ಸರಕಾರದ ಕಾಗದ ಬರೋದು ನಮ್ಮೂರಿಗೇನು ಹೊಸದಲ್ಲ. ಎರಡು ಸಾವಿರ ವರ್ಷದಿಂದ ನಡದೈತಿ" ಎನ್ನುವನು. ಹುಡುಗರು ಬಿದ್ದು ಬಿದ್ದು ನಗುತ್ತಿದ್ದರು. ನಗುವಾದ ಮೇಲೆ ಅವರವರ ಮನೆಯ ಹಳೆಯ ಪಹಣಿ ನೆನಪಿಸುವನು. ನಿಜಾಮನ ಕಾಲದಲ್ಲಿ ಉರ್ದು. 1948ರಲ್ಲಿ ಹೈದರಾಬಾದು ವಿಮೋಚನೆಯಾಯಿತು, 1956ರಲ್ಲಿ ರಾಯಚೂರು ಕನ್ನಡ ರಾಜ್ಯಕ್ಕೆ ಸೇರಿತು. ಬಂಡೆ ಹೋಯಿತು, ಉರ್ದು ಹೋಯಿತು, ಕೌಂಟರಿನ ಹಿಂದೆ ಇಂಗ್ಲಿಷ್ ಬಂದು ಕೂತಿತು.

ಆ ರಾತ್ರಿಯ ವಿಷಯ ಹೇಳಿಬಿಡುತ್ತೇನೆ. ಹನ್ನೊಂದಕ್ಕೆ ಎದೆನೋವು. ಹತ್ತಿರದ ಆಸ್ಪತ್ರೆಯವರು ದೊಡ್ಡ ಊರಿಗೆ ಒಯ್ಯಿರಿ ಎಂದರು. ದೊಡ್ಡ ಊರೆಂದರೆ ನಮಗೆ ಎರಡು ಮೂರು ತಾಸಿನ ದಾರಿ. ರಾಯಚೂರಿಗೆ ಏಮ್ಸ್ ಬೇಕೆಂದು 2022ರಲ್ಲಿ ಧರಣಿ ಕೂತವರು ಸುಮ್ಮನೆ ಕೂತವರಲ್ಲ. ಯಾವ ಆಸ್ಪತ್ರೆ ಎಂದು ಇಲ್ಲಿ ಹೇಳುವುದಿಲ್ಲ, ಹೇಳಿದರೆ ಅವನು ಬರುವುದಿಲ್ಲ. ಅವನ ಅಪ್ಪನ ಮುಂದೆ ಇಂಗ್ಲಿಷಿನ ನಾಲ್ಕು ಹಾಳೆ ಇಟ್ಟು, ಬೇಗ ಸಹಿ ಮಾಡಿ ಎಂದರು. ಅಪ್ಪನಿಗೆ ಬರುವುದು ತೆಲುಗು, ಅಲ್ಪಸ್ವಲ್ಪ ಕನ್ನಡ. ಅವರು ಹಾಳೆಗಳನ್ನು ನನಗೆ ಕೊಟ್ಟರು. ಓದಿದೆ. ಅರ್ಧ ನನಗೂ ತಿಳಿಯಲಿಲ್ಲ, ಎಂ.ಎ. ಓದಿದ ನನಗೆ! ಅಪ್ಪ ಕಾದರು. ಆಮೇಲೆ, "ನಮ್ಮೋನನ್ನ ಕೇಳಿದ್ರೆ ಹೇಳ್ತಿದ್ದ" ಎಂದು ಸಹಿ ಮಾಡಿದರು. ಆ ಸಹಿ ಯಾವುದಕ್ಕೆ ಎಂದು ಅವರು ಇನ್ನೂ ನನ್ನನ್ನು ಕೇಳುತ್ತಾರೆ. ಬೆಳಗಾಗುವ ಮೊದಲೇ ಎಲ್ಲ ಮುಗಿಯಿತು.

ಕನ್ನಡದ ಹಾಳೆ ಇದ್ದಿದ್ದರೆ ಅವನು ಉಳಿಯುತ್ತಿದ್ದ ಎಂದು ನಾನು ಹೇಳುವುದಿಲ್ಲ. ಸುಳ್ಳಾಗುತ್ತದೆ. ಆದರೆ ಮಗನಿಗೆ ಏನು ಮಾಡುತ್ತಿದ್ದಾರೆ ಎಂಬುದು ಅಪ್ಪನಿಗೆ ತಿಳಿಯಬೇಡವೇ? ಮಿತ್ರರೇ, ನೀವು ಇಂಗ್ಲಿಷ್ ಬಲ್ಲವರು. ನಿಮ್ಮ ಬೀದಿಯ ಆಸ್ಪತ್ರೆಗೆ ಹೋಗಿ, ಒಪ್ಪಿಗೆ ಪತ್ರ ಕನ್ನಡದಲ್ಲಿದೆಯೇ ಎಂದು ಒಮ್ಮೆ ಕೇಳಿ. ಇಲ್ಲ ಎಂದರೆ ಅವನಂತೆ ಅಲ್ಲೇ ನಿಲ್ಲಿ.

ಕಾರ್ಯ ಮುಗಿದ ವಾರ ಸಂತೆಗೆ ಹೋಗಿದ್ದೆ. ಬೇವಿನ ಮರದ ಕೆಳಗೆ ನಾಲ್ಕೈದು ಜನ ಕೂತಿದ್ದರು. ಒಬ್ಬ ಅಜ್ಜಿ, "ಕ್ಯಾಂಪ್ ಸರ್ ಇವತ್ತೂ ಬರಾಂಗಿಲ್ಲೇನು?" ಎಂದಳು. ಬೈಕಿನ ಚೀಲದಲ್ಲಿ ಅವನ ಪೆನ್ನು ಇತ್ತು. ಚೀಟಿ ತುಂಬಿಕೊಟ್ಟೆ. ಒಳಗೆ ಅದನ್ನು ವಾಪಸು ಮಾಡಿದರು. ಸಂಜೆ ನಾಲ್ಕರವರೆಗೆ ನಾನೂ ಅಜ್ಜಿಯೂ ಕೌಂಟರಿನ ಮುಂದೆ ನಿಂತಿದ್ದೆವು.